ಪದಚರ್ಚೆ: ವಿಷ ‘ಒಗ್ಗದವರು’, ರಕ್ತದಲ್ಲಿರುವ ‘ಪೂರಕ’

ಬಳಗದವರಿಗೆಲ್ಲ ನಮಸ್ಕಾರ.

ಜೇನು ಸಾಕುವವರಿಗಾಗಿ ಒಂದು ಚಿಕ್ಕ ಪುಸ್ತಿಕೆ ಬರೆಯುತ್ತಿದ್ದೇನೆ. ಜೇನು ಕಚ್ಚಿದಾಗ ಒಬ್ಬರಿಗೆ ಉರಿ, ಬಾವು ಬಂದು ಮಾರನೆಯ ದಿನ ಇಳಿದುಹೋಗುತ್ತದೆ. ಇನ್ನೊಬ್ಬರಿಗೆ ಕಾಲು ಗಂಟೆಯೊಳಗೆ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ಇದೇಕೆ ಎಂಬುದೇ ಪುಸ್ತಿಕೆಯ ವಿಷಯ. ತಲೆಬರಹಕ್ಕೆ ‘ಜೇನಿನ ವಿಷದ ಅಲರ್ಜಿ’ ಎಂದಿಟ್ಟು ಶಿರಸಿ ಕಡೆಯ ನಮ್ಮ ಭಾವನಿಗೆ ಓದಲು ಕೊಟ್ಟೆ. ಅವನು ವರ್ಷಗಟ್ಟಲೆ ತುಡುವೆ ಜೇನಿನ ಪೆಟ್ಟಿಗೆ ಇಟ್ಟವನು. ತಲೆಬರಹದಲ್ಲೇ ನಿಂತ. “ವಿಷ ಯಾರಿಗೆ ತಾನೇ ಒಗ್ಗತ್ತೆ ಮಾರಾಯ? ಅಲರ್ಜಿ ಇಲ್ಲದವರು ವಿಷ ಕುಡಿದು ಬದುಕ್ತಾರಾ? ಅದೂ ಅಲ್ದೆ ಜೇನು ಅಂದ್ರೆ ಇಲ್ಲಿ ಹುಳವೋ ತುಪ್ಪವೋ?”

ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದು ಸುಲಭದ್ದು, ಅದನ್ನು ಮೊದಲು ಮುಗಿಸುತ್ತೇನೆ. ನಮ್ಮಲ್ಲಿ ಹುಳವೂ ಜೇನು, ತುಪ್ಪವೂ ಜೇನು. “ನನಗೆ ಜೇನು ಆಗಲ್ಲ” ಎಂದು ಒಬ್ಬರು ಹೇಳಿದರೆ ಕೇಳಿದವರು ತುಪ್ಪ ಎಂದೇ ತಿಳಿದಾರು. ‘ಜೇನಿನ ವಿಷ’ ಎಂದರೆ ತುಪ್ಪದಲ್ಲಿ ಬೆರೆತ ವಿಷವೂ ಆಗಬಹುದು. ಹಾಗಾಗಿ ‘ಜೇನುಹುಳುವಿನ ಕೊಂಡಿವಿಷ’ ಎಂದು ತಿದ್ದಿದ್ದೇನೆ. ಕೊಂಡಿ ಚೇಳಿನದು ಮಾತ್ರ ಎನ್ನುವವರಿದ್ದರೆ ತಿಳಿಸಿ, ‘ಮುಳ್ಳು’ ಮಾಡುತ್ತೇನೆ.

ಇಂಗ್ಲಿಷಿನಲ್ಲಿ ಪಾಯ್ಸನ್ ಬೇರೆ, ವೆನಮ್ ಬೇರೆ: ಒಂದು ಹೊಟ್ಟೆಗೆ ಹೋಗುವುದು, ಇನ್ನೊಂದು ಹಲ್ಲು ಅಥವಾ ಕೊಂಡಿಯಿಂದ ಮೈಗೆ ಇಳಿಯುವುದು. ಕನ್ನಡದಲ್ಲಿ ವಿಷ, ನಂಜು ಎಂದು ಎರಡು ಮಾತಿವೆಯಲ್ಲ, ತಿನ್ನುವುದಕ್ಕೆ ‘ವಿಷ’, ಚುಚ್ಚುವುದಕ್ಕೆ ‘ನಂಜು’ ಎಂದು ಹಂಚಿಬಿಡೋಣ ಅಂತ ನನಗೂ ಒಮ್ಮೆ ಹೊಳೆದಿತ್ತು. ಆದರೆ ನಂಜುಂಡ ಒಪ್ಪಬೇಕಲ್ಲ! ನಂಜನ್ನು ಉಂಡವನೇ ಅವನು. ನಂಜನಗೂಡಿನಲ್ಲಿ ಅಷ್ಟು ಗಟ್ಟಿಯಾಗಿ ಕುಳಿತಿರುವ ಪದವನ್ನು ನಾವು ಹಲ್ಲಿಗೂ ಕೊಂಡಿಗೂ ಕಟ್ಟಿಹಾಕಲಾರೆವು.

ನಂಜಿಗೆ ಇನ್ನೂ ಒಂದು ಮುಖವಿದೆ, ನನಗೆ ಬೇಕಾದದ್ದೂ ಅದೇ. ಗಾಯವಾದಾಗ ಅಜ್ಜಿಯಂದಿರು ಬದನೆಕಾಯಿ ಕೊಡುತ್ತಿರಲಿಲ್ಲ: “ನಂಜಾಗುತ್ತೆ.” ಬದನೆಯಲ್ಲಿ ವಿಷವಿದೆ ಎಂದು ಅವರ ಅರ್ಥವಲ್ಲ, ಅದು ಮೈಯಲ್ಲಿ ತುರಿಕೆ, ಬಾವು, ಕೀವು ಎಬ್ಬಿಸುತ್ತದೆ ಎಂದು. ಅಂದರೆ ನಂಜು ಎಂಬ ಒಂದೇ ಮಾತು ಹಾವಿನ ವಿಷಕ್ಕೂ ಗಾಯದ ಕೀವಿಗೂ, ಮೈಗೆ ಆಗದ ಊಟಕ್ಕೂ ಸಲ್ಲುತ್ತದೆ. ಆಡುಮಾತಿಗೆ ಇದು ಸಿರಿಯೇ. ನನ್ನ ಪುಸ್ತಿಕೆಗೆ ಮಾತ್ರ ತೊಡಕು. ಅಲ್ಲಿ ಬೇರೆ ಮಾಡಿ ತೋರಿಸಬೇಕಾದದ್ದು ವಿಷ ಮಾಡುವ ಹಾನಿ ಯಾವುದು, ಮೈಯೇ ಮಾಡಿಕೊಳ್ಳುವ ಹಾನಿ ಯಾವುದು ಎಂಬುದನ್ನು. ಹೆಜ್ಜೇನಿನ ಹಿಂಡು ಎರಗಿ ನೂರಾರು ಕೊಂಡಿ ನೆಟ್ಟರೆ ಯಾರಿಗಾದರೂ ಅಪಾಯ, ಅಲ್ಲಿ ವಿಷದ ಪ್ರಮಾಣವೇ ಕೊಲ್ಲುತ್ತದೆ. ಆ ವಿಷದ ಒಣತೂಕದಲ್ಲಿ ಸುಮಾರು ಅರ್ಧದಷ್ಟು ಮೆಲಿಟಿನ್ ಎಂಬ ಪದಾರ್ಥ, ಅದು ಜೀವಕೋಶಗಳ ಪೊರೆಯನ್ನೇ ಒಡೆಯುವಂಥದು. ಇನ್ನೊಬ್ಬರು ಒಂದೇ ಹುಳ ಕಚ್ಚಿ ಸಾಯುತ್ತಾರೆ. ಅಲ್ಲಿ ವಿಷ ಬರೀ ನೆಪ. ಮೈಯ ಕಾವಲು ಪಡೆ ಹಿಂದೊಮ್ಮೆ ಅದನ್ನು ಕಂಡು ಐಜಿಇ ಎಂಬ ಪ್ರತಿಕಾಯವನ್ನು (ಆಂಟಿಬಾಡಿ) ತಯಾರಿಸಿಟ್ಟುಕೊಂಡಿರುತ್ತದೆ. ಮತ್ತೆ ಕಂಡೊಡನೆ ದದ್ದು, ಬಾವು ಎಬ್ಬಿಸುವ ಹಿಸ್ಟಮಿನ್ ಮೊದಲಾದವನ್ನು ಸುರಿದುಬಿಡುತ್ತದೆ. ಪತ್ರಿಕೆಯಲ್ಲಿ ಮಾತ್ರ ಎರಡಕ್ಕೂ ‘ಜೇನು ಕಚ್ಚಿ ಸಾವು’ ಎಂಬ ಒಂದೇ ಸಾಲು.

ಇಲ್ಲಿ ನನಗೆ ‘ಒಗ್ಗು’ ಹಿಡಿಸಿದೆ. ‘ವಿಷ ಕೊಲ್ಲುತ್ತದೆ’ ಎಂದರೆ ಮಾಡುವುದೆಲ್ಲ ವಿಷವೇ. ‘ನನಗೆ ಒಗ್ಗದು’ ಎಂದರೆ ‘ನನಗೆ’ ಎಂಬಲ್ಲೇ ಅರ್ಧ ಕಾರಣ ಬಂದುಬಿಟ್ಟಿತು. ‘ಒಗ್ಗದಿಕೆ’ ಎಂಬ ರೂಪ ಈಗಾಗಲೇ ಅಲ್ಲಲ್ಲಿ ಬಳಕೆಯಲ್ಲಿದೆ.

ಭಾವನ ಆಕ್ಷೇಪ ಉಳಿಯಿತು. ಅದಕ್ಕೆ ಉತ್ತರವನ್ನು ಅವನೇ ಕೊಟ್ಟ, ಚಹಾ ಕುಡಿಯುವಾಗ. “ಮೊದಮೊದಲು ಕೈ ಬುರುಬುರು ಬಾತುಕೊಳ್ತಿತ್ತು, ಈಗ ಒಗ್ಗಿಹೋಗಿದೆ.” ಅಂದರೆ ವಿಷವೂ ಒಗ್ಗುತ್ತದೆ! ಪದೇ ಪದೇ ಕಚ್ಚಿಸಿಕೊಂಡ ಬಹುತೇಕ ಜೇನುಗಾರರ ಮೈ ಐಜಿಜಿ ಎಂಬ, ಐಜಿಇಗಿಂತ ಬೇರೆ ಜಾತಿಯ ಪ್ರತಿಕಾಯವನ್ನು ಹೆಚ್ಚಿಸಿಕೊಂಡು ಸುಮ್ಮನಿರಲು ಕಲಿಯುತ್ತದೆ. ಒಗ್ಗದವರಿಗೆ ಕೊಡುವ ಚಿಕಿತ್ಸೆಯೂ ಇದೇ ದಾರಿಯದು: ಅತಿ ಸಣ್ಣ ಪ್ರಮಾಣದ ಕೊಂಡಿವಿಷದಿಂದ ಶುರುಮಾಡಿ, ಏರಿಸುತ್ತ, ಸಾಮಾನ್ಯವಾಗಿ 100 ಮೈಕ್ರೋಗ್ರಾಂಗೆ ತಂದು, ಮೂರರಿಂದ ಐದು ವರ್ಷ ಕೊಡುತ್ತಾರೆ. ಹಿಂದೆ ಇಡೀ ಹುಳವನ್ನೇ ಅರೆದ ಸಾರ ಕೊಡುತ್ತಿದ್ದರು. ಅದು ಬರೀ ಹುಸಿಮದ್ದಿಗಿಂತ ಮೇಲಲ್ಲ, ಶುದ್ಧ ವಿಷವೇ ಬೇಕು ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 1978ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಕನ್ನಡದಲ್ಲಿ ‘ಒಗ್ಗಿಸುವಿಕೆ’ ಎಂದರೆ ಮುಗಿಯಿತು, ವಿವರಣೆಯೇ ಬೇಡ. ತಮಾಷೆಯೆಂದರೆ 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದ ಕಟ್ಟಿದಾಗ ಅದರ ಅರ್ಥ ‘ಬದಲಾದ ಪ್ರತಿಕ್ರಿಯೆ’ ಎಂದಷ್ಟೇ. ಮೈ ಒಗ್ಗಿಕೊಳ್ಳುವುದೂ ಒಗ್ಗದೆ ಹೋಗುವುದೂ ಅದರೊಳಗೇ ಇದ್ದವು. ಅರ್ಧ ಅರ್ಥ ಆಮೇಲೆ ಉದುರಿಹೋಯಿತು.

ಒಗ್ಗದಿಕೆಯ ಕೊರತೆಯನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಹವೆಯೂ ಒಗ್ಗುವುದಿಲ್ಲ, ಸೊಸೆಗೆ ಅತ್ತೆಯೂ ಒಗ್ಗುವುದಿಲ್ಲ. ಹಾಲು ಒಗ್ಗದವರಲ್ಲಿ ಹಲವರಿಗೆ ಅದನ್ನು ಅರಗಿಸುವ ಕಿಣ್ವದ ಕೊರತೆಯೇ ಹೊರತು ಅಲರ್ಜಿಯಲ್ಲ. ಇಷ್ಟು ಅಗಲವಾದ ಕ್ರಿಯಾಪದದಿಂದ ಅಷ್ಟು ಇಕ್ಕಟ್ಟಾದ ನಾಮಪದ ತೆಗೆದರೆ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದು ನನ್ನ ಎಣಿಕೆ. ನಿಮ್ಮದು?

ಇನ್ನು ‘ಪೂರಕ’. ಕಾಂಪ್ಲಿಮೆಂಟ್ ಎಂದು ಕರೆಯುವ, ರಕ್ತದಲ್ಲಿ ಸದಾ ಹರಿದಾಡುವ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ತಂಡಕ್ಕೆ ನಾವು ಕೊಟ್ಟಿರುವ ಹೆಸರು ‘ಪೂರಕ ವ್ಯವಸ್ಥೆ’. ನಮ್ಮ ಓದುಗರಿಗೆ ಪೂರಕ ಎಂದೊಡನೆ ನೆನಪಾಗುವುದು ಅಂಗನವಾಡಿಯ ಪೂರಕ ಆಹಾರ, ಫೇಲಾದವರ ಪೂರಕ ಪರೀಕ್ಷೆ, ಪ್ರಾಣಾಯಾಮದಲ್ಲಿ ಉಸಿರೆಳೆದುಕೊಳ್ಳುವ ಪೂರಕ. ಈ ಸಾಲಿಗೆ ಸೂಕ್ಷ್ಮಜೀವಿಯ ಮೈಗೆ ತೂತು ಕೊರೆಯುವ ಪ್ರೋಟೀನು ಬಂದು ನಿಂತರೆ ವಿಟಮಿನ್ ಮಾತ್ರೆ ಇರಬೇಕು ಎಂದುಕೊಳ್ಳುತ್ತಾರೆ.

ಮೂಲದಲ್ಲಿ ಹೆಸರು ತಪ್ಪಾಗಿರಲಿಲ್ಲ. ಬೆಲ್ಜಿಯಂನ ವಿಜ್ಞಾನಿ ಜೂಲ್ ಬೋರ್ಡೆ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಂಡದ್ದು ಇದು: ಕಾಲರಾ ವಿರುದ್ಧ ಪಳಗಿದ ಪ್ರಾಣಿಯ ರಕ್ತಸಾರವನ್ನು (ಸೀರಂ) 55–56 ಡಿಗ್ರಿಗೆ ಕಾಯಿಸಿದರೆ ಅದರ ಕೊಲ್ಲುವ ಶಕ್ತಿ ಹೋಗುತ್ತದೆ. ಪಳಗದ ಪ್ರಾಣಿಯ ಹಸಿ ರಕ್ತಸಾರವನ್ನು ತುಸು ಬೆರೆಸಿದರೆ ಶಕ್ತಿ ಮರಳುತ್ತದೆ. ಅಂದರೆ ಪ್ರತಿಕಾಯ ಒಂಟಿಯಾಗಿ ಸಾಲದು, ಅದರ ಕೆಲಸವನ್ನು ಪೂರ್ತಿ ಮಾಡುವ ಬೇರೊಂದಿದೆ. ಇದಕ್ಕೆ ಜರ್ಮನಿಯ ವಿಜ್ಞಾನಿ ಹಾನ್ಸ್ ಬುಖ್ನರ್ ಆಗಲೇ ‘ಅಲೆಕ್ಸಿನ್’, ಅಂದರೆ ಕಾಯುವುದು, ಎಂದು ಹೆಸರಿಟ್ಟಿದ್ದ. ಬೋರ್ಡೆಗೂ ಆ ಹೆಸರೇ ಮೆಚ್ಚು. ಪೌಲ್ ಎರ್ಲಿಖ್ 1899ರಲ್ಲಿ ‘ಕಾಂಪ್ಲಿಮೆಂಟ್’ ಎಂದ. ಬೋರ್ಡೆಗೆ 1919ರ ನೊಬೆಲ್ ಬಂತು, ಗೆದ್ದದ್ದು ಎರ್ಲಿಖ್‌ನ ಪದ. ಮುಂದೆ 1954ರಲ್ಲಿ ಲೂಯಿಸ್ ಪಿಲ್ಲೆಮರ್, ಪ್ರತಿಕಾಯದ ಹಂಗಿಲ್ಲದೆಯೂ ಈ ತಂಡ ಕೆಲಸಕ್ಕಿಳಿಯುವ ಇನ್ನೊಂದು ದಾರಿಯನ್ನು ತೋರಿಸಿದ. ಆಗ ಬಹಳ ಮಂದಿ ನಂಬಲಿಲ್ಲ. ಈಗ ಅದು ಪಠ್ಯದ ಮಾತು. ಯಾರಿಗೂ ಪೂರಕವಾಗಿರದೆ ತಾನೇ ಮೊದಲು ಹೋರಾಡುವುದಕ್ಕೆ ‘ಪೂರಕ’ ಎಂಬ ಹೆಸರು ಅಂಟಿಕೊಂಡೇ ಇದೆ. ಹಾಗಿದ್ದರೆ ಬುಖ್ನರನ ದಾರಿ ಹಿಡಿದು ‘ಕಾಪು’ ಎನ್ನೋಣವೇ? ‘ಕಾಪು ಪ್ರೋಟೀನು’ ಕಿವಿಗೆ ಚೆನ್ನಾಗಿದೆ. ಉಡುಪಿಯವರಿಗೆ ಮಾತ್ರ ದೀಪಸ್ತಂಭ ಕಾಣಿಸೀತು.

ಬಿಡಿ ಪ್ರೋಟೀನುಗಳನ್ನು ಸಿ1, ಸಿ4, ಸಿ2, ಸಿ3 ಎಂಬ ಕ್ರಮದಲ್ಲೇ ಬರೆಯುತ್ತೇನೆ. ದಯವಿಟ್ಟು ಯಾರೂ ಅಚ್ಚುತಪ್ಪು ಎಂದು ತಿದ್ದಬೇಡಿ. ಅಂಕಿ ಕಂಡುಹಿಡಿದ ಕ್ರಮದ್ದು, ಕೆಲಸದ ಕ್ರಮ ಬೇರೆ.

ಪೂರಕಕ್ಕೂ ವಿಷಕ್ಕೂ ಏನು ನಂಟು ಎಂದು ಕೇಳುವಿರಿ. ಫ್ಲೆಕ್ಸ್‌ನರ್ ಮತ್ತು ನೊಗುಚಿ ಎಂಬ ವಿಜ್ಞಾನಿಗಳು 1903ರಲ್ಲೇ ನಾಗರಹಾವಿನ ವಿಷ ಬೆರೆತ ರಕ್ತಸಾರದಲ್ಲಿ ಪೂರಕದ ಬಲ ಕುಂದುವುದನ್ನು ಗಮನಿಸಿದ್ದರು. ಆ ವಿಷದಲ್ಲಿ ಸಿ3ಯ ಒಂದು ತುಂಡನ್ನೇ ಹೋಲುವ ಪ್ರೋಟೀನಿದೆ. ಅದು ವೇಷ ಹಾಕಿಕೊಂಡು ಬಂದು ಪೂರಕದ ಸರಣಿ ಕೆಲಸವನ್ನು ಹೊತ್ತಿಸುತ್ತದೆ, ಆರಿಸಬೇಕಾದ ಪ್ರೋಟೀನುಗಳ ಮಾತಿಗೆ ಬಗ್ಗುವುದಿಲ್ಲ. ಪೂರಕದ ಸಂಗ್ರಹವೆಲ್ಲ ಖಾಲಿ. ಇನ್ನೊಂದು ಕಡೆ, ಕೀಟ ಕಚ್ಚಿ ಗಂಭೀರವಾಗಿ ಬಿದ್ದವರ ರಕ್ತದಲ್ಲಿ ಸಿ3ಎ ಮೊದಲಾದ ತುಂಡುಗಳು ಏರಿರುವುದನ್ನು ಕಂಡಿದ್ದಾರೆ. ಇವೂ ಹಿಸ್ಟಮಿನ್ ಸುರಿಸಬಲ್ಲವು. ಅಂದರೆ ಐಜಿಇ ಹಚ್ಚಿದ ಬೆಂಕಿಗೆ ಪೂರಕ ಎಣ್ಣೆ ಹೊಯ್ಯಬಹುದು.

ಈ ತುಂಡುಗಳನ್ನು ‘ಅನಫಿಲಟಾಕ್ಸಿನ್’ ಎನ್ನುತ್ತಾರೆ. ಅಲ್ಲಿಂದ ನನ್ನ ದೊಡ್ಡ ತಲೆನೋವು, ಅನಫಿಲಾಕ್ಸಿಸ್: ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುತ್ತದೆ ಎಂದು ಮೊದಲೇ ಹೇಳಿದೆನಲ್ಲ, ಅದು. ಫ್ರಾನ್ಸಿನ ವಿಜ್ಞಾನಿಗಳಾದ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಕಡಲ ಹೂವು (ಸೀ ಅನಿಮೋನಿ) ಎಂಬ ಪ್ರಾಣಿಯ ವಿಷವನ್ನು ನಾಯಿಗಳಿಗೆ ಚುಚ್ಚಿ, ಅವು ಪಳಗುತ್ತವೆಯೇ ಎಂದು ನೋಡುತ್ತಿದ್ದರು. ವಾರಗಳ ನಂತರ ಎರಡನೆಯ ಸಲ ಸ್ವಲ್ಪವೇ ಚುಚ್ಚಿದರೂ ನಾಯಿ ಸತ್ತುಬಿದ್ದಿತು. 1902ರಲ್ಲಿ ಹೊಸ ಪದ ಹುಟ್ಟಿತು: ಫಿಲಾಕ್ಸಿಸ್ ಎಂದರೆ ರಕ್ಷಣೆ, ಇದು ಅದಕ್ಕೆ ವಿರುದ್ಧವಾದದ್ದು. ಇದನ್ನು ಅಕ್ಷರಶಃ ಕನ್ನಡಿಸಿದರೆ ಏನಾಗುತ್ತದೆ ನೋಡಿ: ‘ಪ್ರತಿರಕ್ಷೆ’! ಆ ಪದವನ್ನು ನಾವು ಈಗಾಗಲೇ ರೋಗದಿಂದ ಕಾಯುವ ಶಕ್ತಿಗೇ ಕೊಟ್ಟುಬಿಟ್ಟಿದ್ದೇವೆ. ‘ಆಘಾತ’ವನ್ನು ಹೃದಯ ಹಿಡಿದುಕೊಂಡಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆಂದೇ ಹೇಳಿದ ಹಾಗಿದೆ, ಆದರೆ ಆಸ್ಪತ್ರೆಯ ಚೀಟಿಯಲ್ಲಿ ‘ಬೇಲಿಮೇಯಿಕೆ’ ಎಂದು ಯಾರು ಬರೆಯುತ್ತಾರೆ! ಜೀವ ಉಳಿಸಲು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್ ಬೇಗ ಬೀಳಬೇಕಾದ ಹೊತ್ತಿನಲ್ಲಿ ಪದ ಹುಡುಕಬಾರದು. ಇಲ್ಲಿ ಅನಫಿಲಾಕ್ಸಿಸ್ ಎಂದೇ ಉಳಿಸುವುದು ನನ್ನ ತೀರ್ಮಾನ. ಕುದುರೆಯಿಂದ ತಯಾರಾದ ಹಾವಿನ ಪ್ರತಿವಿಷ ಕೊಟ್ಟಾಗಲೂ ಕೆಲವರಿಗೆ ಇದೇ ಲಕ್ಷಣ ಕಾಣುತ್ತದೆ, ಹಿಂದೆಂದೂ ಅದನ್ನು ತೆಗೆದುಕೊಳ್ಳದವರಿಗೂ. ಹೆಚ್ಚಿನ ಸಲ ಅಲ್ಲಿ ಐಜಿಇ ಇರುವುದಿಲ್ಲ, ಪೂರಕ ನೇರವಾಗಿ ಎದ್ದಿರಬಹುದು. ಮನೆಯವರು “ಇಂಜೆಕ್ಷನ್ ಒಗ್ಗಲಿಲ್ಲ” ಎನ್ನುತ್ತಾರೆ. ಅವರ ಮಾತು ಸರಿಯೇ, ನನ್ನ ‘ಒಗ್ಗದಿಕೆ’ಗೆ ಮಾತ್ರ ಕಷ್ಟ.

ಒಂದು ಪದ ಮಾತ್ರ ತಾನಾಗಿ ಬಂದು ಮಡಿಲಿಗೆ ಬಿತ್ತು. ಸಿ3ಬಿ ಎಂಬ ತುಂಡು ಸೂಕ್ಷ್ಮಜೀವಿಯ ಮೈಗೆ ಮೆತ್ತಿಕೊಂಡು, ನುಂಗುವ ಬಿಳಿಕಣಗಳಿಗೆ ಅದನ್ನು ರುಚಿ ಮಾಡಿಕೊಡುತ್ತದೆ. ಇಂಥ ಪದಾರ್ಥಕ್ಕೆ ‘ಆಪ್ಸೊನಿನ್’ ಎಂದು ಹೆಸರು, ಗ್ರೀಕಿನ ‘ಒಪ್ಸೊನ್’ನಿಂದ. ರೊಟ್ಟಿಯ ಜೊತೆ ಏನನ್ನು ಸೇರಿಸಿ ತಿನ್ನುತ್ತಾರೋ ಅದು ಒಪ್ಸೊನ್. ನಾವು ಮೊಸರನ್ನಕ್ಕೆ ಉಪ್ಪಿನಕಾಯಿ ನಂಜಿಕೊಳ್ಳುತ್ತೇವಲ್ಲ, ಅದೇ! ‘ನಂಜಿಕೆ’ ಎಂದು ಬರೆದು ಕುಣಿದಾಡಿದೆ. ಆಮೇಲೆ ಹೊಳೆಯಿತು, ವಿಷದ ಪುಸ್ತಿಕೆಯಲ್ಲಿ ‘ನಂಜಿಕೆ’ ಎಂದರೆ ನಂಜಿಗೇ ಹೋಗುತ್ತದೆ. ಕೆಲವು ಕಡೆ ‘ನೆಂಚಿಕೊಳ್ಳು’ ಎನ್ನುತ್ತಾರೆ, ‘ನೆಂಚಿಕೆ’ ಆದೀತೇ? ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ, ಊರಿನ ಹೆಸರು ಸಹಿತ ಬರೆಯಿರಿ.

ಕೊನೆಯ ಬೇಡಿಕೆ, ಪುಸ್ತಿಕೆಗೆ ಇದೇ ಎಲ್ಲಕ್ಕಿಂತ ತುರ್ತಿನದು. ಒಗ್ಗಿಸುವ ಮೊದಲು ವೈದ್ಯರಿಗೆ ಕಚ್ಚಿದ್ದು ಜೇನೋ ಕಡಜವೋ ತಿಳಿಯಬೇಕು, ವಿಷ ಬೇರೆ ಬೇರೆ. ಜೇನು ಮುಳ್ಳನ್ನು ಮೈಯಲ್ಲೇ ಬಿಟ್ಟುಹೋಗುತ್ತದೆ, ಕಡಜ ಸಾಮಾನ್ಯವಾಗಿ ಬಿಡುವುದಿಲ್ಲ. ಕಡಜಕ್ಕೆ ಕೆಲವರು ಕಣಜ ಎನ್ನುತ್ತಾರೆ, ನಮ್ಮ ಅರ್ಧ ನಾಡಿಗೆ ಕಣಜವೆಂದರೆ ಭತ್ತ ತುಂಬುವುದು. ನಿಮ್ಮ ಕಡೆ ಈ ಹುಳಕ್ಕೆ ಏನು ಹೆಸರು, ಅದು ಕಚ್ಚುತ್ತದೋ ಕಡಿಯುತ್ತದೋ ಕುಟುಕುತ್ತದೋ ಹೊಡೆಯುತ್ತದೋ? ಉತ್ತರವನ್ನು ನನಗೊಬ್ಬನಿಗೇ ಕಳಿಸದೆ ಬಳಗಕ್ಕೇ ಬರೆಯಿರಿ. ಭಾವನೂ ಓದುತ್ತಿದ್ದಾನೆ.