ಸೋಮವಾರ ತುಳಸಿ, ಮಂಗಳವಾರ ಮೆಂತ್ಯ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಮ್ಮ ಮೂರ್ತಿ ತಾರಸಿ ಮೇಲೆ ತೋಟ ಮಾಡಿದ್ದಾನೆ. ತೋಟಕ್ಕೊಂದು ಟೈಂಟೇಬಲ್ಲೂ ಇದೆ. ಲ್ಯಾಮಿನೇಟ್ ಮಾಡಿಸಿ ನೀರಿನ ಟ್ಯಾಂಕಿಗೆ ಅಂಟಿಸಿದ್ದಾನೆ. ಸೋಮವಾರ ತುಳಸಿ, ದಾಸವಾಳ. ಮಂಗಳವಾರ, ಶುಕ್ರವಾರ ಮೆಂತ್ಯ. ಬುಧವಾರ ಕರಿಬೇವು. ಹೊತ್ತು ಬೆಳಗ್ಗೆ 7ರಿಂದ 7.20.

ಮೇ ತಿಂಗಳ ಒಂದು ಭಾನುವಾರ ಕಾಫಿಗೆ ಹೋದ ನಾವು ಅದರ ಮುಂದೆ ಕೈಕಟ್ಟಿ ನಿಂತೆವು.

"ಎರಡನೇ ಶನಿವಾರ ಕರಿಬೇವಿಗೆ ರಜೆನಾ?" ಅಂದ ಸೀನ.

"ತಮಾಷೆ ಬೇಡ ಕಣೋ. 2024ರ ಮಾರ್ಚ್ ನೆನಪಿಲ್ವಾ? ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತ್ತು. ಆವತ್ತಿನಿಂದ ನಾನು ಲೆಕ್ಕ ಇಟ್ಟೇ ನೀರು ಹಾಕೋದು. ಅದೂ ಬೋರ್‌ವೆಲ್ ನೀರು."

ಲೆಕ್ಕ ಚೆನ್ನಾಗಿತ್ತು. ತೋಟ ಚೆನ್ನಾಗಿರಲಿಲ್ಲ. ತುಳಸಿಯ ಎಲೆ ಹಳದಿ ತಿರುಗಿ ಜೋತು ಬಿದ್ದಿತ್ತು. ಲೋಳೆಸರ ಬುಡದಲ್ಲಿ ಕೊಳೆತಿತ್ತು. ಮೆಂತ್ಯ ಮಾತ್ರ ಒಣಗಿ ಪುಡಿಪುಡಿಯಾಗಿತ್ತು. ನಾಲ್ಕು ಬೆರಳು ಆಳದ ಟ್ರೇ, ಮೇ ತಿಂಗಳ ಬಿಸಿಲು. ಪಾಪ, ಮಂಗಳವಾರದ ನೀರು ಕುಡಿದು ಶುಕ್ರವಾರದವರೆಗೆ ಕಾಯಲಾರದೆ ಗುರುವಾರವೇ ತೀರಿಕೊಂಡಿತ್ತು.

ನಾಗರಾಜ ಕೋಲಾರದ ಕಡೆಯವನು. ಊರಲ್ಲಿ ಟೊಮೆಟೊಗೆ ಡ್ರಿಪ್, ಅಂದರೆ ಹನಿ ನೀರಾವರಿ, ಹಾಕಿಸಿದ್ದಾನೆ. ಅವನು ಟೈಂಟೇಬಲ್ ಕಡೆ ನೋಡಲೂ ಇಲ್ಲ. ಮೂಲೆಯಲ್ಲಿದ್ದ ಬಕೆಟ್ ಎತ್ತಿಕೊಂಡು, "ಪೈಪ್ ಬಿಡು, ಎಷ್ಟು ಹೊತ್ತಿಗೆ ತುಂಬುತ್ತೆ ನೋಡೋಣ" ಅಂದ. 15 ಲೀಟರಿನ ಬಕೆಟ್ ಸರಿಯಾಗಿ ಒಂದು ನಿಮಿಷಕ್ಕೆ ತುಂಬಿತು.

ಮುಂದಿನದನ್ನು ಹೇಳಿಕೊಡಬೇಕಾಗಿರಲಿಲ್ಲ. ಎದುರಿಗೆ ನಿಂತವನು ಬ್ಯಾಂಕಿನವನು. 20 ನಿಮಿಷಕ್ಕೆ 300 ಲೀಟರ್. ದಿನಕ್ಕೆ 15 ಕುಂಡ. ಕುಂಡಕ್ಕೆ 20 ಲೀಟರ್! ಮೂರ್ತಿಯ ಮುಖ ಸಾಲ ಮುಳುಗಿದ ಮ್ಯಾನೇಜರನ ಹಾಗಾಯಿತು.

"ನಾನು ಸ್ನಾನಕ್ಕೂ ಅಷ್ಟು ಸುರಿದುಕೊಳ್ಳಲ್ಲ" ಅಂದ ಸೀನ. "ಒಂದಡಿ ಕುಂಡದಲ್ಲಿ ಅಷ್ಟು ನೀರು ಎಲ್ಲಿ ನಿಲ್ಲುತ್ತೆ?"

ಎಲ್ಲೂ ನಿಲ್ಲುತ್ತಿರಲಿಲ್ಲ. ಕುಂಡದ ತೂತಿನಿಂದ ಇಳಿದು, ತಾರಸಿಯ ಕೊಳವೆ ಹಿಡಿದು, ಕೆಳಮನೆಯವರ ಕಾರಿನ ಮೇಲೆ ಬೀಳುತ್ತಿತ್ತು. ಕಾರು ತೊಳೆಯುವುದಕ್ಕೂ ಆಗ ಅಷ್ಟೇ ದಂಡ ಇತ್ತು ಅನ್ನುವುದನ್ನು ಸೀನ ನೆನಪಿಸದೆ ಬಿಡಲಿಲ್ಲ.

"ಒಂದಡಿ ಕುಂಡಕ್ಕೆ ಒಂದು, ಹೆಚ್ಚೆಂದರೆ ಎರಡು ಲೀಟರ್ ಸಾಕು" ಅಂದ ನಾಗರಾಜ. "ತೂತಿನಿಂದ ನೀರು ಇಣುಕಿತಾ, ನಿಲ್ಲಿಸು. ಮತ್ತೆ ಯಾವಾಗ ಹಾಕಬೇಕು ಅಂತ ವಾರ ನೋಡಬೇಡ. ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸು. ತೇವ ಹತ್ತಿತಾ, ಕೈ ತೊಳ್ಕೊಂಡು ಕಾಫಿ ಕುಡಿ. ಅದೂ ಇದು ಕೋಕೋಪೀಟ್, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು, ಮೇಲೆ ಒಣಗಿದ ಹಾಗೆ ನಾಟಕ ಮಾಡುತ್ತೆ, ಒಳಗೆ ಒದ್ದೆ ಇರುತ್ತೆ. ಮಣ್ಣಿನ ಕುಂಡ ಬೆವರುತ್ತೆ, ಬೇಗ ಒಣಗುತ್ತೆ. ಪ್ಲಾಸ್ಟಿಕ್ ಬೆವರಲ್ಲ. ಎರಡಕ್ಕೂ ಒಂದೇ ವಾರ ಬರೆದಿದ್ದೀಯಲ್ಲೋ!"

"ನಿನ್ನೆ ಸಂಜೆ ಮಳೆ ಬಂದಿದೆ, ಇವತ್ತು ಬೆಳಗ್ಗೆನೂ ಪೈಪ್ ಹಿಡಿದಿದ್ದ" ಅಂತ ಸೀನ ಚಾಡಿ ಹೇಳಿದ.

"ಒಂದಡಿ ಅಗಲದ ಕುಂಡಕ್ಕೆ 10 ಮಿಲಿಮೀಟರ್ ಮಳೆ ಅಂದರೆ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ಕಣೋ. ಎಲೆ ಅಡ್ಡ ಬಂದರೆ ಸ್ವಲ್ಪ ಕಮ್ಮಿ. ಒಂದು ಖಾಲಿ ಡಬ್ಬ ಇಟ್ಟು ಸ್ಕೇಲ್ ಹಾಕಿ ಅಳೆ, ಗೊತ್ತಾಗುತ್ತೆ."

"ಆದರೆ ತುಳಸಿ ಬಾಡಿದೆಯಲ್ಲ" ಅಂದ ಮೂರ್ತಿ. "ಬಾಡಿದಷ್ಟೂ ಹಾಕ್ತಾನೇ ಇದ್ದೀನಿ. ಸೋಮವಾರ ಎರಡು ನಿಮಿಷ ಜಾಸ್ತೀನೇ."

ನಾಗರಾಜ ತುಳಸಿ ಬುಡಕ್ಕೆ ಬೆರಳು ಇಳಿಸಿದ. ಕೆಸರು. ಬೇರಿಗೂ ಗಾಳಿ ಬೇಕು, ನೀರು ನಿಂತರೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಗಿಡ ಬಾಯಾರಿದ ಹಾಗೇ ಬಾಡುತ್ತದೆ. ಉಂಡು ಅಜೀರ್ಣವಾಗಿ ಮಲಗಿದವನನ್ನು ಎಬ್ಬಿಸಿ ಇನ್ನೊಂದು ಎಲೆ ಹಾಕಿ ಬಡಿಸಿದ ಹಾಗೆ.

"ಸೋಮವಾರದ ನೀರು ಭಾನುವಾರಕ್ಕೂ ಕೆಸರಾಗಿ ಇರುತ್ತಾ?" ಇದು ನನ್ನ ಅನುಮಾನ. ಪತ್ತೇದಾರಿಕೆಯಲ್ಲಿ ನನ್ನ ಪಾಲು ಇಷ್ಟೇ.

ಅಷ್ಟರಲ್ಲಿ ಅತ್ತಿಗೆ ಕಾಫಿ ತಂದರು. ಇನ್ನೊಂದು ಕೈಯಲ್ಲಿ ಪಾತ್ರೆ. ಕಾಫಿ ಕೊಟ್ಟವರೇ ಸೀದಾ ಹೋಗಿ ಪಾತ್ರೆಯನ್ನು ತುಳಸಿಗೆ ಬಗ್ಗಿಸಿದರು.

"ಅದೇನೇ?"

"ಅಕ್ಕಚ್ಚು. ದಿನಾ ಹಾಕ್ತೀನಲ್ಲ. ನೀವು ವಾರಕ್ಕೊಂದು ಸಲ ಹಾಕಿದರೆ ಅದು ಬದುಕುತ್ತಾ?"

ಟೈಂಟೇಬಲ್ಲಿನಲ್ಲಿ ಇಲ್ಲದ ಮೊದಲನೇ ಕೈ ಸಿಕ್ಕಿಬಿತ್ತು.

ಸೀನ ಅತ್ತ ಟ್ಯಾಂಕಿನ ಹಿಂದೆ ಹೋಗಿದ್ದವನು ಕೂಗಿದ. ಅಲ್ಲಿ ಒಡೆದ ಬಕೆಟ್ಟಿನಲ್ಲಿ ದೊಡ್ಡಪತ್ರೆ ಅಂಗೈ ಅಗಲದ ಎಲೆ ಬಿಟ್ಟು ಕೂತಿತ್ತು. ಟೈಂಟೇಬಲ್ಲಿನಲ್ಲಿ ಅದರ ಹೆಸರೇ ಇಲ್ಲ. ಮೇಲಿನ ರೂಮಿನ ಎಸಿ ಪೈಪು ಅದರ ಮೇಲೆ ತೊಟ್ಟಿಕ್ಕುತ್ತಿತ್ತು. ರಾತ್ರಿ ಎಸಿ ಹಾಕಿಕೊಂಡು ಮಲಗುವವನು ಮಗ, ಕೊಬ್ಬುವುದು ದೊಡ್ಡಪತ್ರೆ.

"ಇದೇ ಡ್ರಿಪ್" ಅಂದ ನಾಗರಾಜ. "ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್ ಸಿಗುತ್ತೆ. ಬೆಳಗ್ಗೆ ಬಿಸಿಲೇರುವ ಮುಂಚೆ ಅರ್ಧ ಗಂಟೆ ಬಿಟ್ಟರೆ ಕುಂಡಕ್ಕೊಂದು ಲೀಟರ್ ಆಯ್ತು. ನಲ್ಲಿಗೆ ಹಾಕುವ ಟೈಮರೂ ಇದೆ."

ಟೈಮರ್ ಅಂದದ್ದೇ ತಡ, ಮೂರ್ತಿಯ ಕಣ್ಣು ಹೊಳೆಯಿತು. ಹೊಸ ಟೈಂಟೇಬಲ್ ಆಗಲೇ ಅವನ ತಲೆಯೊಳಗೆ ಲ್ಯಾಮಿನೇಟ್ ಆಗುತ್ತಿತ್ತು.

"ಟೈಮರಿಗೆ ಮಳೆ ಬಂದದ್ದು ಗೊತ್ತಾಗಲ್ಲ, ನೀನೇ ನಿಲ್ಲಿಸಬೇಕು" ಅಂದ ನಾಗರಾಜ. "ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಡ್ರಿಪ್ಪರ್ ಬಾಯಿ ಮುಚ್ಚುತ್ತೆ, ಆಗಾಗ ನೋಡಬೇಕು. ಮೆಂತ್ಯದ ಟ್ರೇಗೆ ಈ ಬಿಸಿಲಲ್ಲಿ ದಿನಾ ಬೆಳಗ್ಗೆ ಕೈಯಲ್ಲೇ ಚಿಮುಕಿಸು. ಬೇರೆ ಕುಂಡಗಳ ಬುಡಕ್ಕೆ ಒಣ ಎಲೆ ಹೊದಿಸು, ತೇವ ಬೇಗ ಆರಲ್ಲ."

ಅಕ್ಕಚ್ಚು ಇನ್ನು ಮೇಲೆ ಸರದಿ ಪ್ರಕಾರ ಬೇರೆ ಬೇರೆ ಕುಂಡಕ್ಕೆ ಅಂತಾಯಿತು. ಅತ್ತಿಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಸರದಿಯನ್ನು ಗೋಡೆಗೆ ಅಂಟಿಸಕೂಡದು.

ಆಗ ಮೆಟ್ಟಿಲಲ್ಲಿ ಬಳೆ ಸದ್ದಾಯಿತು. ಮೂರ್ತಿಯ ಅಮ್ಮ, ಪೂಜೆ ಮುಗಿಸಿ, ತಾಮ್ರದ ಚೊಂಬು ತುಂಬ ನೀರು ಹಿಡಿದು ಬರುತ್ತಿದ್ದರು. ನಾಲ್ಕೂ ಜನ ಒಟ್ಟಿಗೆ "ಅಮ್ಮಾ, ಬೇಡ!" ಅಂದೆವು.

"ಅಮ್ಮ, ಮಣ್ಣು ಒದ್ದೆ ಇದೆ. ಬೇಕಾದರೆ ಬೆರಳು ಇಟ್ಟು ನೋಡು" ಅಂದ ಮೂರ್ತಿ. "ಇವತ್ತಿನಿಂದ ಮೂರೇ ಮೂರು ಉದ್ಧರಣೆ ಹಾಕು."

"ಮಡಿಯಲ್ಲಿದ್ದೀನಿ, ದೂರ ನಿಂತ್ಕೊ" ಅಂದರು ಅಮ್ಮ. ಚೊಂಬನ್ನು ಪೂರ್ತಿ ಬಗ್ಗಿಸಿದರು. ಆಮೇಲೆ ತುಳಸಿಯನ್ನು ಒಂದು ಗಳಿಗೆ ನೋಡಿ, "ಪಾಪ, ಎಷ್ಟು ಬಾಡಿದಾಳೆ. ಇನ್ನೊಂದು ಚೊಂಬು ತರ್ತೀನಿ ಇರು" ಅಂತ ಕೆಳಗಿಳಿದರು.