ಹಡಗಿನ ಪ್ರವಾಸಕ್ಕೆ ಇನ್ಸುಲಿನ್ ಒಯ್ಯುವುದು ಹೇಗೆ? ಹೋಗಿಬಂದವರು ಹೇಳಿದ್ದು

ಪ್ರಶ್ನೆ: ಸಿಯಾಟಲ್ ಸಮೀಪದಿಂದ, ಮೂಲತಃ ಶಿವಮೊಗ್ಗದವರು

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ತಿಂಗಳಲ್ಲಿ ನನ್ನ ತಂದೆ ತಾಯಿ ಶಿವಮೊಗ್ಗದಿಂದ ನಮ್ಮ ಮನೆಗೆ ಬರುತ್ತಿದ್ದಾರೆ. ಅವರನ್ನು ಸಿಯಾಟಲ್‌ನಿಂದ ಹೊರಡುವ 7 ರಾತ್ರಿಗಳ ಅಲಾಸ್ಕಾ ಹಡಗಿನ ಪ್ರವಾಸಕ್ಕೆ ಕರೆದೊಯ್ಯಬೇಕೆಂಬುದು ನನ್ನ ಬಹುದಿನಗಳ ಆಸೆ. ತಂದೆಯವರಿಗೆ 68 ವರ್ಷ. ಬೆಳಗಿನ ತಿಂಡಿಗೂ ರಾತ್ರಿಯ ಊಟಕ್ಕೂ ಮೊದಲು 30/70 ಮಿಶ್ರಣದ (ಬೇಗ ಮತ್ತು ನಿಧಾನವಾಗಿ ಕೆಲಸ ಮಾಡುವ ಎರಡು ಬಗೆ ಸೇರಿರುವ) ಇನ್ಸುಲಿನ್ ಅನ್ನು ಬಾಟಲಿಯಿಂದ ಸಿರಿಂಜಿಗೆ ಎಳೆದು ತಾವೇ ಚುಚ್ಚಿಕೊಳ್ಳುತ್ತಾರೆ. ತಾಯಿಯವರು ವಾರಕ್ಕೊಮ್ಮೆ ಟ್ರುಲಿಸಿಟಿ ಎಂಬ ಮಧುಮೇಹದ ಚುಚ್ಚುಮದ್ದನ್ನು ಪೆನ್ನಿನಲ್ಲಿ (ಔಷಧಿ ತುಂಬಿರುವ, ಪೆನ್ನಿನಾಕಾರದ ಸಾಧನ) ತೆಗೆದುಕೊಳ್ಳುತ್ತಾರೆ. ಎರಡನ್ನೂ ಊರಿನಲ್ಲಿ ಫ್ರಿಜ್ಜಿನಲ್ಲೇ ಇಡುವುದು ರೂಢಿ. "ನೀರಿನ ಮೇಲೆ ಇರುವಾಗ ಔಷಧಿ ಕೆಟ್ಟರೆ ಯಾರನ್ನು ಕೇಳುವುದು? ನೀವೆಲ್ಲ ಹೋಗಿಬನ್ನಿ, ನಾನು ಮನೆಯಲ್ಲಿರುತ್ತೇನೆ" ಎಂದು ತಂದೆಯವರು ಹಟ ಹಿಡಿದಿದ್ದಾರೆ. ಹೀಗೆ ಪ್ರಯಾಣ ಮಾಡಿದವರಿದ್ದರೆ ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಾಸನದಿಂದ, ನಿವೃತ್ತ ಉಪನ್ಯಾಸಕರು

ನಿಮ್ಮ ತಂದೆಯವರ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಎರಡು ವರ್ಷಗಳ ಹಿಂದೆ ಮಗಳು ಇದೇ ಮಾರ್ಗದ ಪ್ರವಾಸಕ್ಕೆ ಕರೆದಾಗ ನಾನೂ ಇದೇ ಮಾತನ್ನು ಹೇಳಿದ್ದೆ. ನನ್ನ ಪತ್ನಿ ರಾತ್ರಿ ಗ್ಲಾರ್ಜಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಪೆನ್ನನ್ನೂ ಊಟಕ್ಕೆ ಮೊದಲು ಇನ್ನೊಂದು ಪೆನ್ನನ್ನೂ ಬಳಸುತ್ತಾರೆ. ಹೋಗಿಬಂದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಹಡಗಿನಲ್ಲಿ ಇನ್ಸುಲಿನ್ ಬಿಸಿಯಿಂದ ಕೆಡುವ ಸಂಭವಕ್ಕಿಂತ, ನಮ್ಮ ಕೈತಪ್ಪಿ ಬೇರೆ ಕಡೆಗೆ ಹೋಗುವ ಅಥವಾ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟುವ ಸಂಭವವೇ ಹೆಚ್ಚು.

ಮೊದಲು ಫ್ರಿಜ್ಜಿನ ವಿಷಯ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಆದರೆ ಬಳಸಲು ಆರಂಭಿಸಿದ ಗ್ಲಾರ್ಜಿನ್ ಪೆನ್ನನ್ನು 30 ಡಿಗ್ರಿ ಮೀರದ ಜಾಗದಲ್ಲಿ 28 ದಿನಗಳವರೆಗೆ ಹೊರಗೇ ಇಡಬಹುದೆಂದು ಅದರ ಜೊತೆಗೆ ಬರುವ ಹಾಳೆಯಲ್ಲಿಯೇ ಅಚ್ಚಾಗಿದೆ. ನಿಮ್ಮ ತಾಯಿಯವರ ಟ್ರುಲಿಸಿಟಿಗೂ 30 ಡಿಗ್ರಿಯೊಳಗೆ 14 ದಿನಗಳ ಅವಕಾಶವಿದೆ. ತಂದೆಯವರ ಬಾಟಲಿಯ ಹಾಳೆಯನ್ನು ಬಿಡಿಸಿ ನೋಡಿ. ತೆರೆದ ಬಾಟಲಿಗೆ ವಾರಗಳ ಲೆಕ್ಕದಲ್ಲಿಯೇ ಅವಧಿ ಕೊಟ್ಟಿರುತ್ತಾರೆ. ಜೂನ್ ತಿಂಗಳ ಅಲಾಸ್ಕಾದಲ್ಲಿ, ಹವಾನಿಯಂತ್ರಿತ ಕ್ಯಾಬಿನ್ನಿನೊಳಗೆ, 7 ದಿನಗಳ ಮಟ್ಟಿಗೆ ಬಳಕೆಯಲ್ಲಿರುವ ಬಾಟಲಿಗೆ ಫ್ರಿಜ್ಜಿನ ಅಗತ್ಯವೇ ಬೀಳುವುದಿಲ್ಲ. ಫ್ರಿಜ್ ಬೇಕಾಗುವುದು ಹೆಚ್ಚುವರಿಯಾಗಿ ಒಯ್ಯುವ, ಇನ್ನೂ ತೆರೆಯದ ಬಾಟಲಿಗಳಿಗೆ ಮಾತ್ರ.

ಕ್ಯಾಬಿನ್ನಿನಲ್ಲಿರುವ ಪುಟ್ಟ ಪೆಟ್ಟಿಗೆಯನ್ನು ಮನೆಯ ಫ್ರಿಜ್ ಎಂದು ಭಾವಿಸಬೇಡಿ. ಪಾನೀಯಗಳನ್ನು ಒಂದಿಷ್ಟು ತಂಪಾಗಿಡಲೆಂದು ಇಟ್ಟಿರುವ ಪೆಟ್ಟಿಗೆ ಅದು. ಪೇಟೆಯಲ್ಲಿ ಸಿಗುವ, ಕನಿಷ್ಠ ಮತ್ತು ಗರಿಷ್ಠ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ಸಣ್ಣ ಥರ್ಮಾಮೀಟರನ್ನು ಮಗಳು ಅದರೊಳಗೆ ಇಟ್ಟು ನೋಡಿದಾಗ 11ರಿಂದ 13 ಡಿಗ್ರಿಯ ನಡುವೆ ತೋರಿಸಿತು. ಪ್ರವಾಸವನ್ನು ಕಾಯ್ದಿರಿಸಿದಾಗಲೇ, ವಿಶೇಷ ಅಗತ್ಯವುಳ್ಳ ಪ್ರಯಾಣಿಕರ ವಿಭಾಗಕ್ಕೆ ಬರೆದು ಔಷಧಿಗೆಂದೇ ಇರುವ ಫ್ರಿಜ್ಜನ್ನು ಕೇಳಿದ್ದರಿಂದ, ಹಡಗು ಹತ್ತಿದ ಸಂಜೆಯೇ ಅದನ್ನು ತಂದಿಟ್ಟರು. ಸೂಜಿಗಳನ್ನು ಹಾಕಲು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನೂ ಕೊಟ್ಟರು. ಎರಡಕ್ಕೂ ಹಣ ಪಡೆಯಲಿಲ್ಲ. ಹೊರಡುವ ಮುನ್ನಾದಿನ ಕೇಳಿದರೆ ಸಿಗದಿರಬಹುದು, ಆದ್ದರಿಂದ ವಾರಗಳ ಮೊದಲೇ ಬರೆಯಿರಿ ಮತ್ತು ಅವರ ಉತ್ತರವನ್ನು ಅಚ್ಚು ಹಾಕಿಸಿ ಇಟ್ಟುಕೊಳ್ಳಿ.

ನಮಗೆ ನಷ್ಟವಾದದ್ದು ಹಡಗಿನಲ್ಲಲ್ಲ, ಹಿಂದಿನ ರಾತ್ರಿ ತಂಗಿದ್ದ ಹೋಟೆಲಿನಲ್ಲಿ. ಅಲ್ಲಿನ ಫ್ರಿಜ್ಜಿನ ಹಿಂಬದಿಯ ತಗಡಿಗೆ ತಾಗುವಂತೆ ನಾನೇ ಪೆನ್ನುಗಳನ್ನು ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಎರಡು ಪೆನ್ನುಗಳಲ್ಲಿ ಮಂಜುಗಡ್ಡೆಯ ಎಳೆಗಳಿದ್ದವು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಅದನ್ನು ನಂಬುವಂತಿಲ್ಲ, ಎಸೆಯಲೇಬೇಕು. ಬೇಕಾದದ್ದರ ಎರಡರಷ್ಟು ಒಯ್ದು, ಅದನ್ನು ಇಬ್ಬರ ಕೈಚೀಲಗಳಲ್ಲಿ ಹಂಚಿಕೊಂಡಿದ್ದರಿಂದ ಪ್ರವಾಸ ನಿಲ್ಲಲಿಲ್ಲ. ವಿಮಾನದಲ್ಲಿ ಔಷಧಿಯನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಒಪ್ಪಿಸಬಾರದೆಂದು ವೈದ್ಯರು ಹೇಳುವುದಕ್ಕೂ ಇದೇ ಕಾರಣ, ಸರಕಿನ ಅಂಕಣದಲ್ಲಿ ವಿಪರೀತ ಚಳಿಯಾಗಬಹುದು.

ಕೈತಪ್ಪುವ ಮಾತು ಹೇಳಿದೆನಲ್ಲ, ಅದು ಎರಡು ಸಂದರ್ಭಗಳಲ್ಲಿ ಆಗುತ್ತದೆ. ಹಡಗು ಹತ್ತುವ ದಿನ ಬಂದರಿನ ಬಾಗಿಲಲ್ಲೇ ದೊಡ್ಡ ಪೆಟ್ಟಿಗೆಗಳನ್ನು ಕೂಲಿಗಳು ಪಡೆಯುತ್ತಾರೆ, ಅವು ಕ್ಯಾಬಿನ್ನಿಗೆ ಬಂದು ಸೇರುವುದು ಗಂಟೆಗಳ ನಂತರ, ಕೆಲವೊಮ್ಮೆ ರಾತ್ರಿಯ ಊಟವೂ ಮುಗಿದ ಮೇಲೆ. ಕೊನೆಯ ರಾತ್ರಿ ಅದೇ ಪೆಟ್ಟಿಗೆಗಳನ್ನು ಮಲಗುವ ಮೊದಲೇ ಹೊರಗಿನ ಓಣಿಯಲ್ಲಿಡಬೇಕು, ಮತ್ತೆ ಅವು ಕಾಣುವುದು ಮರುದಿನ ದಡದಲ್ಲಿ. ನಮ್ಮ ಊಟದ ಮೇಜಿನಲ್ಲಿ ಜೊತೆಯಾಗಿದ್ದ ಒಬ್ಬ ಹಿರಿಯರು ಕೊನೆಯ ರಾತ್ರಿ ಇನ್ಸುಲಿನ್ ಚೀಲವನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಿ, ಬೆಳಗಿನ ತಿಂಡಿಯ ಮುಂದೆ ಬರಿಗೈಯಲ್ಲಿ ಕುಳಿತಿದ್ದರು. ಆದ್ದರಿಂದ ಇನ್ಸುಲಿನ್, ಸಿರಿಂಜು, ಗ್ಲೂಕೋಮೀಟರ್, ಸ್ಟ್ರಿಪ್ಪು, ವೈದ್ಯರ ಪತ್ರ ಇವೆಲ್ಲ ಇರುವ ಒಂದು ಚೀಲ ನಿಮ್ಮ ತಂದೆಯವರ ಹೆಗಲಿನಿಂದ ಇಳಿಯಲೇಬಾರದು. ವೈದ್ಯರ ಪತ್ರದಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿರಿ.

ಉತ್ತರ: ಕಲಬುರಗಿಯಿಂದ, 31 ವರ್ಷ ಔಷಧಿ ಅಂಗಡಿ ನಡೆಸಿದವರು

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ತಂಗಿ, ನಿಮ್ಮ ಪ್ರಶ್ನೆಯಲ್ಲಿ "ಬಾಟಲಿಯಿಂದ ಸಿರಿಂಜಿಗೆ ಎಳೆದು" ಎಂಬ ಮಾತನ್ನು ಓದಿದಾಗ ನನಗೆ ಫ್ರಿಜ್ಜಿಗಿಂತ ದೊಡ್ಡ ಚಿಂತೆಯೊಂದು ಹುಟ್ಟಿತು. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ 40 ಯೂನಿಟ್ ಸಿರಿಂಜು. ಅಮೆರಿಕದಲ್ಲಿ ಸಿಗುವ ಸಾಮಾನ್ಯ ಇನ್ಸುಲಿನ್ ಬಾಟಲಿ ಒಂದು ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ, ಅದರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಊರಿನ ಬಾಟಲಿ ಒಡೆಯಿತೆಂದೋ ಮರೆತುಹೋಯಿತೆಂದೋ ಅಲ್ಲಿ ಹೊಸ ಬಾಟಲಿ ಕೊಂಡು, ಜೊತೆಗಿದ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಂದಿನಂತೆ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ಅದು ಪ್ರಾಣಕ್ಕೇ ಅಪಾಯ. ತದ್ವಿರುದ್ಧವಾಗಿ ನಮ್ಮ ಬಾಟಲಿಯಿಂದ ಅಲ್ಲಿಯ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಹೋಗುವುದು ಕೇವಲ 8 ಯೂನಿಟ್, ಶುಗರ್ ಏರುತ್ತಲೇ ಹೋಗುತ್ತದೆ.

ಆದುದರಿಂದ ತಂದೆಯವರು ಅಲ್ಲಿರುವ ಅಷ್ಟೂ ದಿನಗಳಿಗೆ ಬೇಕಾದ ಬಾಟಲಿಗಳನ್ನೂ ಸಿರಿಂಜುಗಳನ್ನೂ ಊರಿನಿಂದಲೇ ತರಲಿ. ಸಾಧ್ಯವಾದರೆ ಪ್ರಯಾಣಕ್ಕೆ ಎರಡು ತಿಂಗಳ ಮೊದಲೇ ಅವರ ವೈದ್ಯರನ್ನು ಕಂಡು ಪೆನ್ನಿಗೆ ಬದಲಾಯಿಸಿಕೊಳ್ಳುವುದು ಇನ್ನೂ ಒಳ್ಳೆಯದು, ಏಕೆಂದರೆ ಪೆನ್ನಿನಲ್ಲಿ ತಿರುಗಿಸಿದಷ್ಟೇ ಯೂನಿಟ್ ಹೋಗುತ್ತದೆ, ತೂಗಾಡುವ ಹಡಗಿನಲ್ಲಿ ಗೆರೆ ನೋಡಿ ಎಳೆಯುವ ಕಷ್ಟವೂ ಇಲ್ಲ. ಹೊರಡುವ ವಾರದಲ್ಲಿ ಮಾತ್ರ ಬದಲಾಯಿಸಬೇಡಿ, ಹೊಸದಕ್ಕೆ ಕೈ ಪಳಗಬೇಕು.

ಶಿವಮೊಗ್ಗದಿಂದ ಸಿಯಾಟಲ್‌ವರೆಗಿನ ದೀರ್ಘ ಪ್ರಯಾಣಕ್ಕೆ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ ಅದರೊಳಗೆ ಬಾಟಲಿಯನ್ನು ಹುದುಗಿಸುವವರನ್ನು ನಾನು ಬಹಳ ನೋಡಿದ್ದೇನೆ. ಐಸ್ ನೇರವಾಗಿ ತಾಗಿದರೆ ಬಾಟಲಿ ಹೆಪ್ಪುಗಟ್ಟುತ್ತದೆ, ನಡುವೆ ದಪ್ಪ ಬಟ್ಟೆಯಾದರೂ ಇರಬೇಕು. ಅದಕ್ಕಿಂತ ನೀರಿನಲ್ಲಿ ನೆನೆಸಿ ಬಳಸುವ ತಂಪು ಚೀಲಗಳು ವಾಸಿ. ನಮ್ಮ ಕಡೆ ಫ್ರಿಜ್ ಇಲ್ಲದ ಹಳ್ಳಿಗಳವರಿಗೆ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರಿನ ಮಡಕೆಯಲ್ಲಿಡಲು ಹೇಳುತ್ತಿದ್ದೆವು. ಮಡಕೆಯ ಮೈಯಿಂದ ನೀರು ಆವಿಯಾದಷ್ಟೂ ಒಳಗೆ ತಂಪು. ಈ ಚೀಲಗಳ ತತ್ವವೂ ಅದೇ. ಹಾಗಾಗಿ ಅವುಗಳನ್ನು ಗಾಳಿಯಾಡದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಪ್ರಯೋಜನವಿಲ್ಲ, ಹೊರಗೆ ಗಾಳಿ ತಾಗಬೇಕು. ಕರಾವಳಿಯಂತೆ ಗಾಳಿಯಲ್ಲಿ ತೇವ ಹೆಚ್ಚಿರುವ ಕಡೆ ಮಡಕೆಯ ನೀರು ನಮ್ಮ ಬಿಸಿಲುನಾಡಿನಷ್ಟು ತಣ್ಣಗಾಗುವುದಿಲ್ಲ ಎಂಬುದನ್ನೂ ನೆನಪಿಡಿ.

ಇನ್ನೊಂದು ಮಾತು. ತಂದೆಯವರದು ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದಾಗ ಎಲ್ಲೆಡೆ ಒಂದೇ ಸಮನಾದ ಬಿಳುಪು ಬರಬೇಕು. ಗರಣೆಗಳೋ ಗಾಜಿನ ಒಳಮೈಗೆ ಅಂಟಿದ ಬಿಳಿ ಚುಕ್ಕೆಗಳೋ ಕಂಡರೆ ಅದನ್ನು ಬಳಸಬಾರದು.

ಉತ್ತರ: ಮಂಗಳೂರಿನಿಂದ, ಗೃಹಿಣಿ

ನಾನು ಅಲಾಸ್ಕಾ ಕಂಡವಳಲ್ಲ. ಮುಂಬಯಿಯಿಂದ ಲಕ್ಷದ್ವೀಪದ ಕಡೆಗೆ ಹೋಗುವ ಹಡಗಿನಲ್ಲಿ ಯಜಮಾನರೊಂದಿಗೆ ಪ್ರಯಾಣ ಮಾಡಿದ್ದೇನೆ, ಅವರಿಗೂ ಎರಡು ಹೊತ್ತು ಇನ್ಸುಲಿನ್. ಔಷಧಿ ಕೆಡದಂತೆ ಅಷ್ಟೆಲ್ಲ ಜೋಪಾನ ಮಾಡಿದ್ದ ನಾವು, ಸಮುದ್ರ ಅಲುಗಾಡಿದಾಗ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಅವರು ಇನ್ಸುಲಿನ್ ಚುಚ್ಚಿಕೊಂಡು ಇಡ್ಲಿ ತಿಂದರು, ಅರ್ಧ ಗಂಟೆಯೊಳಗೆ ಎಲ್ಲವೂ ವಾಂತಿಯಾಯಿತು. ಬೆವರು, ತಲೆಸುತ್ತು, ಹೊಟ್ಟೆ ತೊಳಸುವಿಕೆ ಎಲ್ಲವನ್ನೂ ಸಮುದ್ರದ ಬಾಧೆಯೆಂದೇ ತಿಳಿದು ಮಲಗಿಸಿದೆ. ಮಾತು ತೊದಲಿದಾಗ ಗಾಬರಿಯಾಗಿ ಪರೀಕ್ಷಿಸಿದರೆ ಶುಗರ್ 52 ಇತ್ತು. ನುಂಗುವಷ್ಟು ಎಚ್ಚರವಿದ್ದುದರಿಂದ 3 ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಿ, ಮತ್ತೊಮ್ಮೆ ಕೊಟ್ಟ ಮೇಲೆ ಚೇತರಿಸಿಕೊಂಡರು. ಹಡಗಿನ ವೈದ್ಯರು ಬಂದು ನೋಡಿದರು. ಸಮುದ್ರದ ಬಾಧೆಗೂ ಶುಗರ್ ಇಳಿದುದಕ್ಕೂ ಲಕ್ಷಣಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ, ಬೆರಳು ಚುಚ್ಚಿ ನೋಡದೆ ಯಾವುದನ್ನೂ ನಿರ್ಧರಿಸಬಾರದೆಂದು ಅವರು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ಸಿಯಾಟಲ್‌ನಿಂದ ಹೊರಟ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯ ತೆರೆದ ಸಾಗರದಲ್ಲಿ ಸಾಗುತ್ತವೆಂದು ನನ್ನ ತಮ್ಮ ಹೇಳಿದ್ದಾನೆ, ಅಂದರೆ ನಿಮಗೆ ಅಲುಗಾಟ ಮೊದಲ ದಿನವೇ ಎದುರಾಗಬಹುದು. ವಾಂತಿ ತಡೆಯುವ ಮಾತ್ರೆ ಯಾವುದು, ಊಟ ನಿಲ್ಲದಿದ್ದರೆ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು, ಜೊತೆಗೆ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಯಾವುದನ್ನು ಆ ದಿನಗಳ ಮಟ್ಟಿಗೆ ನಿಲ್ಲಿಸಬೇಕು ಎಂಬುದನ್ನು ನಿಮ್ಮ ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ತಾಯಿಯವರ ವಾರದ ಚುಚ್ಚುಮದ್ದಿನಿಂದಲೇ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಅದನ್ನೂ ಮರೆಯದೆ ಕೇಳಿ.

ದಡಕ್ಕೆ ಇಳಿಯುವ ದಿನಗಳ ಬಗ್ಗೆಯೂ ಹೇಳಬೇಕು. ನಾವು ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಹೋಗಿ, ಎರಡು ಗಂಟೆಗೆ ಮರಳುತ್ತೇವೆಂದುಕೊಂಡವರು ನಾಲ್ಕು ಗಂಟೆಗೆ ಮರಳಿದೆವು. ಅಲಾಸ್ಕಾದ ಬಂದರುಗಳಲ್ಲಿ ಹಡಗಿನ ಹಣ್ಣು, ಬೇಯಿಸಿದ ಆಹಾರವನ್ನು ಹೊರಗೆ ಒಯ್ಯಲು ಬಿಡುವುದಿಲ್ಲವೆಂದು ಕೇಳಿದ್ದೇನೆ, ಹಾಗಾಗಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದ ಬಿಸ್ಕತ್ತು, ಹುರಿಗಡಲೆ ಜೊತೆಗಿರಲಿ. ಊಟದ ಸಮಯ ನಿಗದಿಪಡಿಸುವಾಗ ಬೇಗನೆಯ ಪಂಕ್ತಿಯನ್ನೇ ಕೇಳಿಕೊಳ್ಳಿ. ಇನ್ಸುಲಿನ್ ಅನ್ನು ಕ್ಯಾಬಿನ್ನಿನಲ್ಲಿ ಚುಚ್ಚಿಕೊಂಡು ಹೋಗಿ ಊಟದ ಮನೆಯ ಸಾಲಿನಲ್ಲಿ ಕಾಯುವುದಕ್ಕಿಂತ, ತಟ್ಟೆ ಮುಂದೆ ಬರುವುದು ಖಚಿತವಾದ ಮೇಲೆ ಚುಚ್ಚಿಕೊಳ್ಳುವುದನ್ನು ನಾವು ರೂಢಿ ಮಾಡಿಕೊಂಡೆವು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಬರಹಗಳನ್ನು ನಿನ್ನೆ ರಾತ್ರಿ ಫೋನಿನಲ್ಲಿ ತಂದೆಯವರಿಗೆ ಓದಿಹೇಳಿದೆ. 40 ಮತ್ತು 100 ಯೂನಿಟ್‌ಗಳ ವಿಷಯ ನನಗೂ ತಿಳಿದಿರಲಿಲ್ಲ. ಅವರು ಆಗಲೇ ಎದ್ದುಹೋಗಿ ಬಾಟಲಿಯನ್ನು ತಂದು, ಕನ್ನಡಕ ಹಾಕಿಕೊಂಡು, "40 ಎಂದೇ ಇದೆ, ಮುಚ್ಚಳ ಕೆಂಪು" ಎಂದು ಓದಿದರು. ಮುಂದಿನ ಸೋಮವಾರ ವೈದ್ಯರ ಬಳಿ ಹೋಗಿ ಪೆನ್ನಿನ ಬಗ್ಗೆ ಕೇಳಲು ಒಪ್ಪಿದ್ದಾರೆ. ಫ್ರಿಜ್ಜಿಗಾಗಿ ಹಡಗಿನ ಕಂಪನಿಗೆ ಇಂದು ಬರೆದಿದ್ದೇನೆ. ಬರುವುದಾಗಿ ತಂದೆಯವರು ಇನ್ನೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಫೋನು ಇಡುವ ಮೊದಲು ಅಲಾಸ್ಕಾದಲ್ಲಿ ಸ್ವೆಟರ್ ಒಂದೇ ಸಾಕೇ ಎಂದು ಕೇಳಿದರು.