ಮಳೆಗಾಲ, ಎರಡು ಚಿಕ್ಕ ಮಕ್ಕಳು, ಆಫೀಸು: ವ್ಯಾಯಾಮ ಯಾವಾಗ ಮಾಡುತ್ತೀರಿ?

ಸುಂಟಿಕೊಪ್ಪ_ಅಮ್ಮ

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ. ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಒಂದೂವರೆ. ಎರಡನೆಯದು ಸಿಸೇರಿಯನ್. ಮಡಿಕೇರಿಯಲ್ಲಿ ಕೆಲಸ, ದಿನಾ ಬಸ್ಸಲ್ಲಿ ಹೋಗಿ ಬರುತ್ತೇನೆ. ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಅತ್ತೆ ಮನೆಯಲ್ಲೇ ಇದ್ದಾರೆ, ಆದರೆ ಅವರಿಗೆ ಮಂಡಿ ನೋವು, ಚಿಕ್ಕವನ ಹಿಂದೆ ಓಡುವುದು ಅವರಿಂದ ಆಗುವುದಿಲ್ಲ.

ಕಾಲೇಜಲ್ಲಿ ಹಾಕಿ ಆಡುತ್ತಿದ್ದವಳು ನಾನು. ಈಗ ಬಸ್ಸಿಳಿದು ಆಫೀಸಿನ ಏರು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಸೊಂಟ ನೋವು ಬೇರೆ. ಯೂಟ್ಯೂಬ್‌ನಲ್ಲಿ ಯಾರ ವಿಡಿಯೋ ನೋಡಿದರೂ ಬೆಳಿಗ್ಗೆ ಐದಕ್ಕೆ ಏಳಿ ಅನ್ನುತ್ತಾರೆ. ಏಳಬಹುದು, ಆದರೆ ಬಾಗಿಲು ಸ್ವಲ್ಪ ಕಿರ್ ಅಂದರೂ ಚಿಕ್ಕವನು ಎದ್ದು ಕೂರುತ್ತಾನೆ. ಆಮೇಲೆ ಅವನನ್ನು ಸೊಂಟದ ಮೇಲೆ ಇಟ್ಟುಕೊಂಡೇ ತಿಂಡಿ ಮಾಡಬೇಕು. ಹೊರಗೆ ನಡೆಯೋಣ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆಯ ಮಳೆ ಗೊತ್ತಲ್ಲ. ಮಳೆ ಒಂದು ಗಂಟೆ ಬಿಟ್ಟರೆ ಜಿಗಣೆ. ಜಿಮ್‌ಗೆ ಕುಶಾಲನಗರಕ್ಕೋ ಮಡಿಕೇರಿಗೋ ಹೋಗಬೇಕು, ಹೋಗಿ ಬರುವುದರಲ್ಲೇ ಸಂಜೆ ಮುಗಿಯುತ್ತದೆ. ಇನ್ನು ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟ ದಿನ ಇದ್ದಬದ್ದ ಟೈಮ್‌ಟೇಬಲ್ ಕೂಡ ಹೋಯಿತು ಅಂತಲೇ ಲೆಕ್ಕ.

ಚಿಕ್ಕ ಮಕ್ಕಳಿರುವ ನಮ್ಮ ಜಿಲ್ಲೆಯವರು ನಿಜವಾಗಿ ಏನು ಮಾಡುತ್ತೀರಿ? ಡಯೆಟ್ ಸಲಹೆ ಬೇಡ, ತೂಕ ಎಷ್ಟಾದರೂ ಇರಲಿ. ಸೊಂಟ ಗಟ್ಟಿಯಾಗಬೇಕು, ಏರು ಹತ್ತುವಾಗ ಮಾತಾಡುವ ಹಾಗಿರಬೇಕು, ಅಷ್ಟೇ.

ಕಣದ_ಮೂಲೆ

ಅಕ್ಕ, ಬೆಳಿಗ್ಗೆ ಐದರ ಮಾತು ಬೆಂಗಳೂರಿನವರಿಗೆ. ನಮ್ಮ ಸಿದ್ದಾಪುರ ಕಡೆ ಬೆಳಕು ಹರಿಯುವ ಮುಂಚೆ ತೋಟದ ರಸ್ತೆಯಲ್ಲಿ ವಾಕಿಂಗ್ ಹೋದರೆ ಎದುರಿಗೆ ಯಾರು ಸಿಗುತ್ತಾರೆ ಅಂತ ಹೇಳುವ ಹಾಗಿಲ್ಲ. ಹಲಸು ಹಣ್ಣಾಗುವ ಸಮಯದಲ್ಲಂತೂ ಆನೆ ರಾತ್ರಿಯೆಲ್ಲ ತೋಟದೊಳಗೇ ಇರುತ್ತವೆ. ಅದರ ಮೇಲೆ ಮಂಜು ಕವಿದಿದ್ದರೆ ಮುಗಿಯಿತು. ನಿಮ್ಮ ಕಡೆಯೂ ಬರುತ್ತವಲ್ಲ? ಹಾಗಾಗಿ ಏನೇ ಮಾಡುವುದಿದ್ದರೂ ಚೆನ್ನಾಗಿ ಬೆಳಕಾದ ಮೇಲೆ, ಮನೆ ಹತ್ತಿರವೇ.

ನಮ್ಮ ಮನೆಯ ಜಿಮ್ ಅಂದರೆ ಕಣ. ಕುಯ್ಲು ಮುಗಿದು, ಕಾಫಿ ಒಣಗಿಸಿ ಚೀಲ ತುಂಬಿದ ಮೇಲೆ ಏಪ್ರಿಲ್, ಮೇ ತಿಂಗಳು ಕಣ ಖಾಲಿ. ಮತ್ತೆ ಅಕ್ಟೋಬರ್ ಹೊತ್ತಿಗೆ ಮಳೆ ಕಮ್ಮಿಯಾದರೆ ಅರೇಬಿಕಾ ಹಣ್ಣು ಬರುವ ತನಕ ಖಾಲಿ. ಸಿಮೆಂಟ್ ನೆಲ, ಜಿಗಣೆ ಇಲ್ಲ, ಮಕ್ಕಳು ಎಲ್ಲಿ ನಿಂತರೂ ಕಾಣುತ್ತಾರೆ. ಮಗಳು ಸೈಕಲ್ ತುಳಿಯುತ್ತಾಳೆ, ನಾನು ಅವಳ ಹಿಂದೆ ಓಡುತ್ತೇನೆ, ಅವಳಿಗೆ ಆಟ, ನನಗೆ ಬೆವರು. ಮಳೆಗಾಲದಲ್ಲಿ ಮಾತ್ರ ಅಲ್ಲಿಗೆ ಇಳಿಯಲೇಬೇಡಿ. ಪಾಚಿ ಕಟ್ಟಿರುತ್ತದೆ, ಜಾರಿದರೆ ಈಗಿನ ಸೊಂಟ ನೋವು ಏನೂ ಅಲ್ಲ ಅನ್ನಿಸಿಬಿಡುತ್ತದೆ.

ಮಳೆಗಾಲಕ್ಕೆ ಜಗಲಿ. ಬಸ್ಕಿ, ಗೋಡೆ ಹಿಡಿದು ಪುಶ್‌ಅಪ್, ಸ್ಕಿಪ್ಪಿಂಗ್. ಚಿಕ್ಕವನನ್ನು ಎದೆಗೆ ಅವಚಿಕೊಂಡು ಬಸ್ಕಿ ಹೊಡೆಯಿರಿ, ಅವನು ಕೇಕೆ ಹಾಕಿ ನಗುತ್ತಾನೆ, ಇನ್ನೊಂದು ಇನ್ನೊಂದು ಅನ್ನುತ್ತಾನೆ, ನಿಲ್ಲಿಸಲು ಬಿಡುವುದಿಲ್ಲ. ಕೋಚ್ ಇಟ್ಟುಕೊಂಡರೂ ಇಷ್ಟು ಕೆಲಸ ಮಾಡಿಸುವುದಿಲ್ಲ.

ಫಿಸಿಯೋ_ಕುಶಾಲನಗರ

ಮೇಲಿನವರು ಹೇಳಿದ್ದು ಸರಿಯೇ, ಆದರೆ ಸಿಸೇರಿಯನ್ ಆದ, ಸೊಂಟ ನೋವಿರುವ ತಾಯಿಗೆ ಸ್ಕಿಪ್ಪಿಂಗ್ ಮೊದಲ ದಿನದ ವ್ಯಾಯಾಮ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹೊಟ್ಟೆ ನೋಡಿಕೊಳ್ಳಿ. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ತಲೆಯನ್ನು ಮಾತ್ರ ಸ್ವಲ್ಪ ಎತ್ತಿ. ಹೊಕ್ಕುಳಿನ ಮೇಲೆ ಕೆಳಗೆ ನಡು ಗೆರೆಯಲ್ಲಿ ಬೆರಳು ಅಡ್ಡ ಇಟ್ಟು ಒತ್ತಿ. ಗರ್ಭದ ಹೊತ್ತಿಗೆ ಎರಡು ಕಡೆಯ ಸ್ನಾಯು ದೂರ ಸರಿದಿರುತ್ತವೆ, ಕೆಲವರಿಗೆ ಅವು ಪೂರ್ತಿ ಹತ್ತಿರ ಬಂದಿರುವುದಿಲ್ಲ. ಎರಡು ಬೆರಳಿಗಿಂತ ಜಾಸ್ತಿ ಸಂದಿ ಇದ್ದರೆ, ಅಥವಾ ತಲೆ ಎತ್ತಿದಾಗ ನಡುವೆ ಏಣು ಎದ್ದ ಹಾಗೆ ಉಬ್ಬಿದರೆ, ಒಮ್ಮೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅಲ್ಲಿಯ ತನಕ ಮಲಗಿ ಎದ್ದು ಮಾಡುವ ಹೊಟ್ಟೆಯ ವ್ಯಾಯಾಮ, ಎರಡೂ ಕಾಲು ಒಟ್ಟಿಗೆ ಎತ್ತುವುದು ಬೇಡ. ಎಷ್ಟೋ ಜನರ ಸೊಂಟ ನೋವಿನ ಹಿಂದೆ ಈ ಸಡಿಲ ಹೊಟ್ಟೆಯ ಪಾಲೂ ಇರುತ್ತದೆ.

ಎರಡನೆಯದು ಯಾರೂ ಬಾಯಿ ಬಿಟ್ಟು ಕೇಳದ ವಿಷಯ. ಕೆಮ್ಮಿದಾಗ, ಸೀನಿದಾಗ, ಹಾರಿದಾಗ ಮೂತ್ರ ಸೋರುತ್ತದೆಯೇ? ನಾಚಿಕೆ ಪಡುವಂಥದ್ದು ಏನಿಲ್ಲ, ತುಂಬ ತಾಯಂದಿರಿಗೆ ಇರುತ್ತದೆ, ಸರಿ ಕೂಡ ಆಗುತ್ತದೆ. ಮೂತ್ರ ತಡೆದುಕೊಳ್ಳುವಾಗ ಯಾವ ಸ್ನಾಯು ಬಿಗಿಯುತ್ತೀರೋ ಅದನ್ನು ಬಿಗಿದು, ಕೆಲವು ಸೆಕೆಂಡ್ ಹಿಡಿದು, ಪೂರ್ತಿ ಬಿಡಿ. ಒಂದು ಹೊತ್ತಿಗೆ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಮೂತ್ರ ಮಾಡುವಾಗಲೇ ಅಭ್ಯಾಸ ಮಾಡಬೇಡಿ. ಇದಕ್ಕೆ ಜಾಗವೂ ಬೇಡ, ಚಾಪೆಯೂ ಬೇಡ, ಸುಂಟಿಕೊಪ್ಪದಿಂದ ಮಡಿಕೇರಿಗೆ ಬಸ್ಸಲ್ಲಿ ಕೂತೇ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ.

ಇವೆರಡೂ ಸರಿ ಇದ್ದರೆ ಸೇತುಬಂಧ (ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದು), ಬಸ್ಕಿ, ಗೋಡೆ ಪುಶ್‌ಅಪ್, ಪಾತ್ರೆ ತೊಳೆಯುವಾಗ ಹಿಮ್ಮಡಿ ಎತ್ತಿ ಇಳಿಸುವುದು, ಇಷ್ಟೇ ಸಾಕು ಶುರುವಿಗೆ. ಮಗುವನ್ನು ಎತ್ತುವಾಗ ಬೆನ್ನು ಬಗ್ಗಿಸಿ ಎಳೆಯಬೇಡಿ. ಮಂಡಿ ಮಡಚಿ ಕುಕ್ಕರಿಸಿ, ಮಗುವನ್ನು ಮೈಗೆ ಹತ್ತಿರ ತಂದು, ಉಸಿರು ಬಿಡುತ್ತಾ ಏಳಿ. ಒಂದೇ ಸೊಂಟದ ಮೇಲೆ ಕೂರಿಸಿಕೊಳ್ಳುವ ಅಭ್ಯಾಸ ಎಲ್ಲ ತಾಯಂದಿರಿಗೂ ಇರುತ್ತದೆ. ಆ ಕಡೆ ಈ ಕಡೆ ಬದಲಾಯಿಸಿ.

ಸಮಯದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಅಥವಾ 75ರಿಂದ 150 ನಿಮಿಷ ಜೋರಾದದ್ದು, ಜೊತೆಗೆ ವಾರಕ್ಕೆ 2 ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಮೊದಲೆಲ್ಲ ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಆಗಬೇಕು ಎಂಬ ಮಾತಿತ್ತು. 2020ರಲ್ಲಿ ಅದನ್ನು ಕೈಬಿಟ್ಟರು. ಅಂದರೆ ನಾಲ್ಕು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಮಾತಾಡಬಹುದು, ಹಾಡಲು ಆಗುವುದಿಲ್ಲ ಅಂದರೆ ಅದು ಮಧ್ಯಮ. ಎರಡು ಮಾತಿಗೇ ಉಸಿರು ತೆಗೆದುಕೊಳ್ಳಬೇಕು ಅಂದರೆ ಜೋರು. ನಿಮ್ಮ ಆಫೀಸಿನ ಏರು ಈಗ ನಿಮಗೆ ಜೋರಾದ ವ್ಯಾಯಾಮವೇ! ಮಡಿಕೇರಿಯಲ್ಲಿ ಸಮತಟ್ಟು ರಸ್ತೆ ಹುಡುಕುವುದೇ ಕಷ್ಟ, ಅದನ್ನೇ ಬಳಸಿಕೊಳ್ಳಿ. ಮಳೆ ಬಿಟ್ಟ ದಿನ ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ.

ಕೊನೆಯದಾಗಿ, ಏದುಸಿರು, ಸುಸ್ತು ಜಾಸ್ತಿ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಅದನ್ನು ಸರಿ ಮಾಡಿಕೊಳ್ಳದೆ ಎಷ್ಟು ಬಸ್ಕಿ ಹೊಡೆದರೂ ಸುಸ್ತು ಹೋಗುವುದಿಲ್ಲ. ಥೈರಾಯ್ಡ್ ಕೂಡ ಒಟ್ಟಿಗೆ ನೋಡಿಸಿಬಿಡಿ.

ಮೂರ್ನಾಡು_ಆಂಟಿ

ಮಗಳೇ, ಬೇಜಾರು ಮಾಡಬೇಡ. ನಾವೆಲ್ಲ ಯಾವ ವ್ಯಾಯಾಮ ಮಾಡಿದ್ದೆವು? ನೀರು ಸೇದಿದ್ದು, ಸೌದೆ ಒಡೆದದ್ದು, ಗದ್ದೆಗೆ ಇಳಿದು ನಾಟಿ ಮಾಡಿದ್ದು. ಮನೆ ಕೆಲಸ ಚೆನ್ನಾಗಿ ಮಾಡಿದರೆ ಬೇರೆ ವ್ಯಾಯಾಮ ಯಾಕೆ? ಈಗಿನವರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ.

ಗೋಣಿಕೊಪ್ಪ_ಟೀಚರ್

ಆಂಟಿ, ನೀವು ಹೇಳಿದ್ದು ಆಗಿನ ಕಾಲಕ್ಕೆ ನಿಜ. ನೀರು ಸೇದಿ ಗದ್ದೆಗೆ ಇಳಿದವರಿಗೆ ಯಾರೂ ವ್ಯಾಯಾಮ ಹೇಳಿಕೊಡಬೇಕಾಗಿಲ್ಲ. ಈಗ ನಲ್ಲಿ ಇದೆ, ಗ್ಯಾಸ್ ಇದೆ, ಗದ್ದೆ ಪಾಳು ಬಿದ್ದಿದೆ, ಈ ಅಕ್ಕ ದಿನವೆಲ್ಲ ಕುರ್ಚಿಯಲ್ಲಿ ಕೂತಿರುತ್ತಾರೆ. ಮನೆಗೆ ಬಂದು ಬಗ್ಗಿ ಗುಡಿಸಿ, ಬಗ್ಗಿ ಆಟದ ಸಾಮಾನು ಹೆಕ್ಕಿ, ಬಗ್ಗಿ ಮಗುವಿಗೆ ಸ್ನಾನ ಮಾಡಿಸಿದರೆ ಇರುವ ಸೊಂಟವೂ ಹೋಗುತ್ತದೆ, ಎದೆ ಬಡಿತ ಮಾತ್ರ ಏರುವುದೇ ಇಲ್ಲ. ಮತ್ತೆ ನಿಮಗೆ ಆಗ ಮನೆ ತುಂಬ ಜನ ಇದ್ದರು, ಅಲ್ವಾ? ಮಗು ಯಾರದೋ ತೊಡೆ ಮೇಲೆ ಬೆಳೆಯುತ್ತಿತ್ತು.

ಅಕ್ಕ, ಮಕ್ಕಳ ಕಡೆಯಿಂದಲೂ ಒಂದು ಮಾತು. ಒಂದು ವರ್ಷ ದಾಟಿದ ಮಗುವಿಗೆ ಐದು ತುಂಬುವ ತನಕ ದಿನಕ್ಕೆ 180 ನಿಮಿಷ ಓಡಾಟ ಬೇಕು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಳೆ ರಜೆಯ ದಿನ ಮಕ್ಕಳು ಮನೆಯಲ್ಲಿ ಹುಚ್ಚೆದ್ದು ಕುಣಿಯುವುದು ಅದಕ್ಕೇ. ಕರೆಂಟು ಹೋಗಿ ಟಿವಿಯೂ ಇಲ್ಲದ ದಿನ ನಾವು ದಿಂಬು ಸಾಲಾಗಿಟ್ಟು ಹಾರುತ್ತೇವೆ, ಕರಡಿ ನಡಿಗೆ, ಕಪ್ಪೆ ಜಿಗಿತ, ಗೋಡೆಯಿಂದ ಗೋಡೆಗೆ ಓಟ. ಹತ್ತು ನಿಮಿಷ ಕರಡಿ ನಡಿಗೆ ಮಾಡಿ ನೋಡಿ, ಜಿಮ್ ನೆನಪೂ ಬರುವುದಿಲ್ಲ. ಕಪ್ಪೆ ಜಿಗಿತ ಮಾತ್ರ ಫಿಸಿಯೋ ಮೇಡಂ ಹೇಳಿದ ಪರೀಕ್ಷೆ ಆದ ಮೇಲೆ.

ರೈಟ್_ಬ್ಯಾಕ್

ಎಲ್ಲರೂ ಬಸ್ಕಿ, ಕರಡಿ ಅಂತ ಬರೆದಿದ್ದೀರಿ. ನಾನು ಬೇರೆ ಕಡೆಯಿಂದ ಹೇಳುತ್ತೇನೆ. ಅಕ್ಕ, ನಿಮ್ಮ ಇಡೀ ಪೋಸ್ಟಿನಲ್ಲಿ "ಯಜಮಾನರು ತೋಟ ನೋಡಿಕೊಳ್ಳುತ್ತಾರೆ" ಎಂಬ ಒಂದು ಸಾಲು ಬಿಟ್ಟರೆ ಅವರ ಸುದ್ದಿಯೇ ಇಲ್ಲ. ನಾನೂ ತೋಟದವನೇ, ಹೇಳಬಹುದು ಅಂದುಕೊಳ್ಳುತ್ತೇನೆ. ಜೋರು ಮಳೆಯ ತಿಂಗಳಲ್ಲಿ ತೋಟದಲ್ಲಿ ಕತ್ತಲಾಗುವ ತನಕ ನಿಲ್ಲುವಂಥ ಕೆಲಸ ಎಷ್ಟಿರುತ್ತದೆ? ಸಂಜೆ ಬೇಗ ಮನೆಗೆ ಬಂದು, ಬಚ್ಚಲು ಒಲೆ ಮುಂದೆ ಕೈ ಕಾಯಿಸಿಕೊಂಡು ಫೋನು ನೋಡುವವರೇ ನಾವೆಲ್ಲ. ಆ ಅರ್ಧ ಗಂಟೆ ಇಬ್ಬರು ಮಕ್ಕಳೂ ಅವರ ಪಾಲಿಗೆ ಬರಲಿ. ನೀವು ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಮಗು ಅತ್ತರೆ ಅವರು ನೋಡಲಿ.

ಕುಯ್ಲು ಶುರುವಾದ ಮೇಲೆ ಡಿಸೆಂಬರ್‌ನಿಂದ ಫೆಬ್ರವರಿ, ರೋಬಸ್ಟಾ ಇದ್ದರೆ ಮಾರ್ಚ್ ತನಕ, ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆಗ ಮಳೆ ಇರುವುದಿಲ್ಲವಲ್ಲ, ನೀವು ಮಕ್ಕಳನ್ನು ಕರೆದುಕೊಂಡು ಹೊರಗೆ ನಡೆಯಬಹುದು. ಮಳೆಗಾಲ ಅವರು ಬಿಟ್ಟುಕೊಡಬೇಕು, ಕುಯ್ಲಿನಲ್ಲಿ ನೀವು ಬಿಟ್ಟುಕೊಡಿ. ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತಿದೆ. ನನ್ನ ಹೆಂಡತಿ ಮಂಗಳವಾರ, ಗುರುವಾರ, ಶನಿವಾರ ಹಿಡಿದುಕೊಂಡಿದ್ದಾಳೆ. ದಿನ ಗೊತ್ತು ಮಾಡದೆ "ಪುರುಸೊತ್ತಾದಾಗ" ಅಂದರೆ ಯಾವತ್ತೂ ಆಗುವುದಿಲ್ಲ, ಬರೆದಿಟ್ಟುಕೊಳ್ಳಿ.

ಹಾಕಿ ಆಡುತ್ತಿದ್ದೆ ಅಂದಿರಿ. ಸ್ಟಿಕ್ ಅಟ್ಟದಿಂದ ಇಳಿಸಿ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದಾಗಿನಿಂದ ಅಜ್ಜ, ಮೊಮ್ಮಗ, ಸೊಸೆ ಎಲ್ಲ ಒಂದೇ ಟೀಮಲ್ಲಿ ಆಡುವುದನ್ನು ನೋಡಿದ್ದೇವೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ಟೀಮು ಬಂದಿದ್ದವು. ನೀವು ಯಾವ ಕಡೆಯವರೋ ಗೊತ್ತಿಲ್ಲ, ಗೌಡ ಕುಟುಂಬಗಳಿಗೆ ಕ್ರಿಕೆಟ್ ಇದೆ. ಬೇಸಿಗೆಯಲ್ಲಿ ಹೀಗೆ ಒಂದು ಮ್ಯಾಚ್ ಇದೆ ಅಂತಾದರೆ ಜನವರಿಯಿಂದಲೇ ಕಾಲು ತಾನಾಗಿ ಎದ್ದು ಹೋಗುತ್ತದೆ. ಸುಮ್ನೆ ಫಿಟ್ ಆಗಬೇಕು ಅಂದರೆ ನನಗಂತೂ ಏಳಲು ಮನಸ್ಸೇ ಬರುವುದಿಲ್ಲ. ನಮ್ಮ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಮನೆಯಲ್ಲಿ ಚಿಕ್ಕ ಮಗಳಿದ್ದಾಗಲೇ. ಅವರ ಜೊತೆ ಕೋಚ್, ಫಿಸಿಯೋ ಎಲ್ಲ ಇದ್ದರು ಅನ್ನುತ್ತೀರಿ, ಒಪ್ಪುತ್ತೇನೆ. ಮಂಡಿಗೆ ಅಯ್ಯಂಗಾರ್ ಯೋಗ ಸಹಾಯ ಮಾಡಿತು ಅಂತ ಅವರೇ ಹೇಳಿದ್ದಾರೆ, ಅತ್ತೆಯವರಿಗೂ ಡಾಕ್ಟರ್ ಕೇಳಿ ಒಂದೆರಡು ಆಸನ ಕಲಿಸಬಹುದೇನೋ.

ಸುಂಟಿಕೊಪ್ಪ_ಅಮ್ಮ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ರೈಟ್ ಬ್ಯಾಕ್ ಅಣ್ಣನ ಪೋಸ್ಟನ್ನು ಯಜಮಾನರಿಗೆ ಓದಿ ಹೇಳಿದೆ. ಬಚ್ಚಲು ಒಲೆಯ ಸಾಲು ಬಂದಾಗ ಅತ್ತೆಯೇ ಮೊದಲು ನಕ್ಕಿದ್ದು. ಸೋಮ, ಬುಧ, ಶುಕ್ರ ಸಂಜೆ ಆರೂವರೆಯಿಂದ ಏಳು ಅಂತ ಒಪ್ಪಿಕೊಂಡಿದ್ದಾರೆ, ಆ ದಿನ ರಾತ್ರಿಗೆ ಮಧ್ಯಾಹ್ನದ ಸಾರೇ ಸಾಕು, ರೊಟ್ಟಿ ತಟ್ಟುವುದಿಲ್ಲ ಎಂಬ ನನ್ನ ಷರತ್ತಿಗೂ. ಹೊಟ್ಟೆಯ ಪರೀಕ್ಷೆ ಮಾಡಿಕೊಂಡೆ, ಎರಡು ಬೆರಳಿಗಿಂತ ಜಾಸ್ತಿಯೇ ಇದೆ ಅನ್ನಿಸುತ್ತದೆ. ತೋರಿಸುತ್ತೇನೆ, ರಕ್ತ ಪರೀಕ್ಷೆಯನ್ನೂ ಮಾಡಿಸುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ಸೇತುಬಂಧ ಮಾಡುವಾಗ ಮಗಳು ಬಂದು ಹೊಟ್ಟೆ ಮೇಲೆ ಕೂರುತ್ತಾಳೆ, ಬಿಡಬಹುದೇ? ಎರಡನೆಯದು, ಒಂದು ಸ್ಟಾಪ್ ಮೊದಲೇ ಇಳಿದು ನಡೆದರೆ ಶೂ ಒದ್ದೆ, ಮಾರನೆಯ ದಿನಕ್ಕೆ ಒಣಗುವುದೇ ಇಲ್ಲ. ಏನು ಮಾಡುತ್ತೀರಿ?

ಫಿಸಿಯೋ_ಕುಶಾಲನಗರ

ಸಂದಿ ಇದೆ ಅಂದಿರಲ್ಲ, ತೋರಿಸುವ ತನಕ ಹೊಟ್ಟೆ ಮೇಲೆ ಕೂರಿಸಬೇಡಿ. ಪಕ್ಕದಲ್ಲಿ ಮಲಗಿ ಅವಳೂ ಸೊಂಟ ಎತ್ತಲಿ, ಎಷ್ಟು ಹೊತ್ತು ಹಿಡಿಯುತ್ತೀರಿ ಅಂತ ಅವಳೇ ಎಣಿಸಲಿ. ನಾಲ್ಕು ವರ್ಷದವರು ಹತ್ತರ ತನಕ ಎಣಿಸುವಾಗ ಆರು ಏಳನ್ನು ನುಂಗಿಬಿಡುತ್ತಾರೆ, ನಿಮಗೇ ಲಾಭ.

ಕಣದ_ಮೂಲೆ

ಶೂ ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೆ ಪೇಪರ್ ಉಂಡೆ ಮಾಡಿ ಒಳಗೆ ತುರುಕಿ, ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಾಯಿಸಿ. ಒಲೆ ಹತ್ತಿರ ಇಡಿ, ಮೇಲೆ ಇಡಬೇಡಿ, ಅಂಟು ಬಿಟ್ಟುಹೋಗುತ್ತದೆ. ಇಲ್ಲವಾದರೆ ಮಳೆಗಾಲಕ್ಕೆ ಹಿಂದೆ ಪಟ್ಟಿ ಇರುವ, ತಳದಲ್ಲಿ ಒಳ್ಳೆ ಹಿಡಿತ ಇರುವ ರಬ್ಬರ್ ಸ್ಯಾಂಡಲ್ ಹಾಕಿಕೊಂಡು ನಡೆದು, ಆಫೀಸಲ್ಲಿ ಒಂದು ಜೊತೆ ಒಣ ಚಪ್ಪಲಿ ಇಟ್ಟುಬಿಡಿ. ನಮ್ಮ ಮನೆಯವರು ಮಾಡುವುದು ಹಾಗೇ.